ಪರಿಚಯವಿಲ್ಲದ ಕ್ಲೈಂಟ್‌ಗೆ ಮೊದಲ ಮೇಲ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಾಫ್ಟ್‌ವೇರ್ ಕಂಪನಿಗಳಿಗೆ ಬಳಕೆದಾರರ ಕೈಪಿಡಿ, ಸಹಾಯ ಪುಟಗಳನ್ನು ಬರೆದುಕೊಡುವವನು. ನನಗೆ ಸಿಕ್ಕ ಕೆಲಸದಲ್ಲಿ ದೊಡ್ಡ ಪಾಲು ಯಾರ ಶಿಫಾರಸಿನಿಂದಲೂ ಬಂದದ್ದಲ್ಲ, ನಾನೇ ಮುಂದಾಗಿ ಹಾಕಿದ ಮೇಲ್‌ಗಳಿಂದ ಬಂದದ್ದು. ಸ್ವಂತ ಕೆಲಸಕ್ಕೆ ಹೊಸದಾಗಿ ಇಳಿದ ಗೆಳೆಯರು, ಅಂದರೆ ಡಿಸೈನರ್‌ಗಳು, ಅನುವಾದಕರು, ಲೆಕ್ಕಪತ್ರ ನೋಡಿಕೊಳ್ಳುವವರು, ನನ್ನನ್ನು ಸುತ್ತಿ ಬಳಸಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಕೆಲವಕ್ಕೆ ಉತ್ತರ ಉದ್ದವಾಯಿತು, ಕೆಲವಕ್ಕೆ ಎರಡು ಸಾಲೇ ಸಾಕಾಯಿತು.

ಗುರುತು ಪರಿಚಯ ಇಲ್ಲದವರಿಗೆ ಮೇಲ್ ಹಾಕಿದರೆ ಅದು ಸ್ಪ್ಯಾಮ್ ಅಲ್ಲವೇ?

ಹೇಗೆ ಹಾಕುತ್ತೀರಿ ಎಂಬುದರ ಮೇಲೆ ಹೋಗುತ್ತದೆ. 1978ರ ಮೇ 3ರಂದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಕಂಪನಿಯ ಗ್ಯಾರಿ ಥರ್ಕ್ ತಮ್ಮ ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಬನ್ನಿ ಎಂದು ಇಂದಿನ ಇಂಟರ್ನೆಟ್‌ಗೆ ಮೂಲವಾದ ಅರ್ಪಾನೆಟ್ ಜಾಲದ ಸುಮಾರು 400 ಜನರಿಗೆ ಒಂದೇ ಸಂದೇಶ ಕಳಿಸಿದರು. ವಿಳಾಸಗಳು ಎಷ್ಟಿದ್ದವೆಂದರೆ, ಮೇಲಿನ ಭಾಗದಲ್ಲಿ ಹಿಡಿಸದೆ ಸಂದೇಶದ ಒಳಕ್ಕೇ ಉಕ್ಕಿ ಬಂದಿದ್ದವು. ತೆರೆದವರಿಗೆ ಮೊದಲು ಕಂಡದ್ದು ಊರೆಲ್ಲರ ಹೆಸರು, ಆಮೇಲೆ ಆಹ್ವಾನ. ಇವತ್ತು ಅದನ್ನು ಮೊದಲ ಸ್ಪ್ಯಾಮ್ ಎಂದೇ ಕರೆಯುತ್ತಾರೆ.

ಈಗಿನ ಮೇಲ್‌ಗಳಲ್ಲಿ ವಿಳಾಸ ಹಾಗೆ ಉಕ್ಕುವುದಿಲ್ಲ, ಆದರೂ ಓದುವವರಿಗೆ ವಾಸನೆ ಬಡಿಯುತ್ತದೆ. ನಾನು ಕಳಿಸುವ ಮುಂಚೆ ಒಂದೇ ಪರೀಕ್ಷೆ ಮಾಡುತ್ತೇನೆ. ಮೇಲ್‌ನಲ್ಲಿರುವ ಹೆಸರನ್ನು ಅಳಿಸಿ ಬೇರೆ ಕಂಪನಿಯ ಹೆಸರು ಹಾಕಿ ಓದುತ್ತೇನೆ. ಆಗಲೂ ಸಲೀಸಾಗಿ ಓದಿಸಿಕೊಂಡರೆ ಅದು ಪತ್ರವಲ್ಲ, ಕರಪತ್ರ. ಅರ್ಥವೇ ಕೆಟ್ಟುಹೋದರೆ ಕಳಿಸಬಹುದು. ಈ ಪುಟದ ಉಳಿದ ಉತ್ತರಗಳೆಲ್ಲ ಬಹುಪಾಲು ಈ ಪರೀಕ್ಷೆಯ ಸುತ್ತಲೇ ತಿರುಗುತ್ತವೆ.

ಸಾವಿರಾರು ವಿಳಾಸಗಳ ಪಟ್ಟಿ ಮಾರುತ್ತಾರಲ್ಲ, ಕೊಂಡುಕೊಳ್ಳಲೇ?

ಬೇಡ. ಆ ಪಟ್ಟಿಗಳಲ್ಲಿ ಕೆಲಸ ಬಿಟ್ಟು ಹೋದವರ ಸತ್ತ ವಿಳಾಸಗಳಿರುತ್ತವೆ. ಸ್ಪ್ಯಾಮ್ ಕಳಿಸುವವರನ್ನು ಹಿಡಿಯಲೆಂದೇ ಬಿಟ್ಟ ಬಲೆಯ ವಿಳಾಸಗಳೂ ಇರಬಹುದು. ಅದೇ ಪಟ್ಟಿಯನ್ನು ನಿಮಗಿಂತ ಮೊದಲು ಎಷ್ಟೋ ಜನ ಕೊಂಡು ಆ ಇನ್‌ಬಾಕ್ಸ್‌ಗಳನ್ನು ಗುಡಿಸಿ ಹೋಗಿರುತ್ತಾರೆ.

ಇಪ್ಪತ್ತು ಹೆಸರು ಸಾಕು. ಇಪ್ಪತ್ತೂ ನೀವೇ ಒಂದೊಂದಾಗಿ ಹುಡುಕಿದ್ದಾಗಿರಲಿ.

ಕಂಪನಿ ಗೊತ್ತಾಯಿತು. ಒಳಗೆ ಯಾರಿಗೆ ಬರೆಯುವುದು? ನೇರ ಮಾಲೀಕರಿಗೇ ಹಾಕಿದರೆ?

ಸಣ್ಣ ಕಂಪನಿ, ಹತ್ತು ಹದಿನೈದು ಜನ ಎಂದಾದರೆ ಮಾಲೀಕರಿಗೇ ಹಾಕಿ. ದೊಡ್ಡದಾದರೆ, ನೀವು ನೀಗಿಸುವ ತೊಂದರೆಯಿಂದ ದಿನಾ ತಲೆ ಚಚ್ಚಿಕೊಳ್ಳುತ್ತಿರುವವರು ಯಾರು ಎಂದು ಕೇಳಿಕೊಳ್ಳಿ. ಸಹಾಯ ಪುಟ ಹಳತಾಗಿದ್ದರೆ ಅದರ ಪೆಟ್ಟು ಬೀಳುವುದು ಮುಖ್ಯ ಕಾರ್ಯನಿರ್ವಾಹಕರಿಗಲ್ಲ, ಗ್ರಾಹಕರ ದೂರಿಗೆ ಉತ್ತರ ಕೊಡುವ ಸಪೋರ್ಟ್ ತಂಡದ ಮುಖ್ಯಸ್ಥರಿಗೆ. ಅದೇ ಪ್ರಶ್ನೆಗೆ ನೂರನೇ ಸಲ ಉತ್ತರ ಬರೆಯುತ್ತಿರುವವರಿಗೆ ನಿಮ್ಮ ಮೇಲ್ ಬೇಗ ಅರ್ಥವಾಗುತ್ತದೆ. ಹಣ ಮಂಜೂರು ಮಾಡುವ ಅಧಿಕಾರ ಅವರಿಗಿಲ್ಲದಿರಬಹುದು. ಆದರೆ ‘ಇವರು ನಮಗೆ ಬೇಕು’ ಎಂದು ಮೇಲಿನವರಿಗೆ ಹೇಳುವ ಬಾಯಿ ಅವರದ್ದೇ.

ಮಾಹಿತಿ ಕೇಳಲು ಕೊಟ್ಟಿರುವ ಸಾಮಾನ್ಯ ವಿಳಾಸವನ್ನು ಪೂರ್ತಿ ತಳ್ಳಿಹಾಕಬೇಡಿ. ಬೇರೆ ದಾರಿಯೇ ಸಿಗದಾಗ ಅಲ್ಲಿಗೆ ಎರಡೇ ಸಾಲು ಹಾಕಿ: ‘ಸಹಾಯ ಪುಟಗಳನ್ನು ನೋಡಿಕೊಳ್ಳುವವರು ಯಾರು? ಅವರ ಗಮನಕ್ಕೆ ತರಬೇಕಾದ ಒಂದು ತಪ್ಪು ಕಂಡಿದೆ.’ ಇದಕ್ಕೆ ಉತ್ತರ ಬಂದಷ್ಟು ನನ್ನ ಉದ್ದುದ್ದ ಪರಿಚಯಕ್ಕೆ ಎಂದೂ ಬಂದಿಲ್ಲ.

ಬರೆಯುವ ಮುಂಚೆ ಅವರ ಬಗ್ಗೆ ಎಷ್ಟು ತಿಳಿದುಕೊಳ್ಳಬೇಕು?

ಹದಿನೈದು, ಇಪ್ಪತ್ತು ನಿಮಿಷ. ಅಷ್ಟರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಸಿಗದಿದ್ದರೆ ಆ ಹೆಸರನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಏನೂ ಸಿಗದಿರುವುದೂ ಒಂದು ಉತ್ತರವೇ: ನೀವು ಮಾಡುವ ಕೆಲಸ ಅವರಿಗೆ ಬಹುಶಃ ಬೇಕಿಲ್ಲ.

ನಾನು ಮೊದಲು ನೋಡುವುದು ಅವರು ಹಾಕಿರುವ ಉದ್ಯೋಗ ಜಾಹೀರಾತುಗಳನ್ನು. ‘ನಮ್ಮ ಬಗ್ಗೆ’ ಪುಟದಲ್ಲಿ ಕಂಪನಿ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿರುತ್ತದೆ. ಉದ್ಯೋಗ ಜಾಹೀರಾತಿನಲ್ಲಿ ಮಾತ್ರ ತನಗೆ ಏನು ಕೊರತೆ ಎಂದು ಬಾಯಿಬಿಟ್ಟು ಹೇಳಿರುತ್ತದೆ. ಮೂರು ತಿಂಗಳಿಂದ ತುಂಬದೆ ಉಳಿದ ಒಂದು ಹುದ್ದೆ ಇದೆ ಎಂದರೆ ಆ ಕೆಲಸವನ್ನು ಸದ್ಯಕ್ಕೆ ಯಾರೋ ಅರೆಮನಸ್ಸಿನಿಂದ ಮಾಡುತ್ತಿದ್ದಾರೆ. ಆಮೇಲೆ ಗ್ರಾಹಕರ ವಿಮರ್ಶೆಗಳು, ಅದರಲ್ಲೂ ಒಂದೆರಡು ನಕ್ಷತ್ರ ಕೊಟ್ಟವರದ್ದಕ್ಕಿಂತ ಮೂರು ನಕ್ಷತ್ರ ಕೊಟ್ಟವರದ್ದು. ಒಂದು ಕೊಟ್ಟವರು ಕೋಪದಲ್ಲಿರುತ್ತಾರೆ, ಮೂರು ಕೊಟ್ಟವರು ಕಾರಣ ಹೇಳಿರುತ್ತಾರೆ. ಕೊನೆಗೆ ಹೊಸ ಆವೃತ್ತಿಯ ಟಿಪ್ಪಣಿ: ಏನು ಬದಲಾಯಿತು, ಅದರಿಂದ ಯಾವುದು ಹಳತಾಯಿತು ಎಂದು ಅಲ್ಲಿ ತಿಳಿಯುತ್ತದೆ.

ಒಂದು ಗಡಿ ದಾಟಬೇಡಿ. ಅವರು ಕೆಲಸದ ಸಲುವಾಗಿ ಹೊರಗಿಟ್ಟದ್ದನ್ನು ಮಾತ್ರ ಎತ್ತಿ. ಪ್ರವಾಸದ ಫೋಟೊ, ಮಗಳ ಹುಟ್ಟುಹಬ್ಬ, ಇವನ್ನು ಮೇಲ್‌ನ ಮೊದಲ ಸಾಲಿಗೆ ತಂದರೆ ಆತ್ಮೀಯತೆ ಬರುವುದಿಲ್ಲ, ಕಿಟಕಿಯಲ್ಲಿ ಇಣುಕಿದ ಹಾಗಾಗುತ್ತದೆ.

ಸಬ್ಜೆಕ್ಟ್ ಸಾಲಿನಲ್ಲಿ ಏನಿರಬೇಕು?

ಒಳಗೆ ಏನಿದೆಯೋ ಅದು. ಫೋನಿನ ಪರದೆಯಲ್ಲಿ ಕಾಣುವುದು ಮೊದಲ ಮೂವತ್ತು ನಲವತ್ತು ಅಕ್ಷರ ಅಷ್ಟೇ, ಹಾಗಾಗಿ ಮುಖ್ಯ ಪದ ಮುಂದಿರಲಿ. ‘ಸಹಯೋಗದ ಒಂದು ಸುವರ್ಣಾವಕಾಶ’ ಎಂದು ಬರೆದರೆ ತೆರೆಯುವ ಮೊದಲೇ ಏನು ಮಾಡಬೇಕೆಂದು ಕೈಗೆ ಗೊತ್ತಿರುತ್ತದೆ. ‘ಇನ್‌ವಾಯ್ಸ್ ಸಹಾಯ ಪುಟ, 4ನೇ ಹಂತ’ ಎಂದರೆ ಅದು ಸಹೋದ್ಯೋಗಿ ಬರೆದ ಸಾಲಿನಂತಿದೆ.

ಉತ್ತರವೇ ಬಾರದ ಹೊಸ ಮೇಲ್‌ಗೆ ‘Re:’ ಎಂಬ ಉತ್ತರದ ಗುರುತು ಅಂಟಿಸಿ, ಹಳೆಯ ಮಾತುಕತೆ ಮುಂದುವರಿದಂತೆ ತೋರಿಸುವ ಚಾಳಿಯೊಂದಿದೆ. ತೆರೆಯುವುದೇನೋ ತೆರೆಯುತ್ತಾರೆ. ಆದರೆ ನಿಮ್ಮ ಬಗ್ಗೆ ಅವರಿಗೆ ತಿಳಿಯುವ ಮೊದಲ ಸಂಗತಿಯೇ ನೀವು ಸುಳ್ಳು ಹೇಳಿದಿರಿ ಎಂಬುದಾಗಿರುತ್ತದೆ.

ಮೊದಲ ವಾಕ್ಯ ಬರೆಯುವುದೇ ಕಷ್ಟ. ಎಲ್ಲಿಂದ ಶುರು ಮಾಡಲಿ?

‘ನಾನು’ ಎಂಬುದರಿಂದ ಬೇಡ. ಪರಿಚಯ ಹೇಳಿಕೊಂಡೇ ಮಾತು ಶುರು ಮಾಡಬೇಕು ಎಂದು ನಮಗೆ ಶಾಲೆಯ ಪತ್ರಲೇಖನದಲ್ಲೇ ಕಲಿಸಿರುತ್ತಾರೆ. ಎದುರು ಕೂತವರೊಂದಿಗೆ ಅದು ಸರಿ. ಆದರೆ ಮೇಲ್ ಓದುತ್ತಿರುವವರು ನಿಮ್ಮನ್ನು ಕರೆದಿಲ್ಲ. ನೀವು ಯಾರು ಎಂಬ ಕುತೂಹಲ ಅವರಿಗೆ ಹುಟ್ಟಬೇಕಾದರೆ ಮೊದಲು ಅವರದೇ ವಿಷಯವೊಂದು ಕಣ್ಣಿಗೆ ಬೀಳಬೇಕು.

ಹೊಗಳಿಕೆಯಿಂದಲೂ ಬೇಡ. ‘ನಿಮ್ಮ ವೆಬ್‌ಸೈಟ್ ಅದ್ಭುತವಾಗಿದೆ’ ಎಂಬ ಮಾತು ಜಗತ್ತಿನ ಎಲ್ಲ ವೆಬ್‌ಸೈಟ್‌ಗಳಿಗೂ ಹೊಂದುತ್ತದೆ, ಹಾಗಾಗಿ ನನ್ನ ಪರೀಕ್ಷೆಯಲ್ಲಿ ಅದು ಮೊದಲ ಸುತ್ತಿನಲ್ಲೇ ಫೇಲು. ಬೈಗುಳದಿಂದಂತೂ ಬೇಡವೇ ಬೇಡ. ನನಗೇ ಒಮ್ಮೆ ಬಂದಿತ್ತು: ‘ನಿಮ್ಮ ವೆಬ್‌ಸೈಟಿನಲ್ಲಿ 47 ಗಂಭೀರ ದೋಷಗಳಿವೆ.’ ಯಾವುವು ಎಂದು ಕೇಳಿದೆ. ಅದನ್ನು ತಿಳಿಸಲು ಶುಲ್ಕವಿದೆ ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಯಾರಾದರೂ ಅವರಿಗೆ ಸಿಕ್ಕಿದ್ದರೂ ಸಿಕ್ಕಿರಬಹುದು.

ಹೋಗಬೇಕಾದ ದಾರಿ ಈ ಎರಡರ ನಡುವೆ ಇದೆ. ನೀವು ಕಣ್ಣಾರೆ ಕಂಡ ಒಂದು ಸಂಗತಿ, ಬಣ್ಣ ಹಚ್ಚದೆ, ಎಲ್ಲಿ ಕಂಡಿತು ಎಂಬುದರ ಜೊತೆಗೆ. ‘ನಿಮ್ಮ ಆರ್ಡರ್ ಫಾರಂನಲ್ಲಿ ಫೋನ್ ಸಂಖ್ಯೆಯ ನಡುವೆ ಖಾಲಿ ಜಾಗ ಬಿಟ್ಟರೆ ತಪ್ಪು ಎಂದು ತೋರಿಸುತ್ತದೆ.’ ಇಷ್ಟೇ. ಅವರು ಹೋಗಿ ಪರೀಕ್ಷಿಸಬಹುದು, ಮತ್ತು ಪರೀಕ್ಷಿಸುತ್ತಾರೆ. ಅಷ್ಟು ಹೊತ್ತಿಗೆ ನಿಮ್ಮ ಮೇಲ್ ಅವರ ಕೆಲಸದ ಭಾಗವಾಗಿರುತ್ತದೆ.

ಯಾವಾಗಲೂ ತಪ್ಪನ್ನೇ ಹುಡುಕಬೇಕೆಂದಿಲ್ಲ. ಅವರು ಹೊಸ ದೇಶದಲ್ಲಿ ಮಾರಾಟ ಶುರು ಮಾಡಿರಬಹುದು, ಹಳೆಯ ಉತ್ಪನ್ನ ನಿಲ್ಲಿಸಿರಬಹುದು, ಒಂದು ಹುದ್ದೆಗೆ ಜನ ಹುಡುಕುತ್ತಿರಬಹುದು. ಬದಲಾವಣೆ ಇದ್ದಲ್ಲಿ ಕೆಲಸ ಇರುತ್ತದೆ.

ಮಾತು ಸಾಕು, ಒಂದು ಮಾದರಿ ತೋರಿಸಿ.

ಸರಿ. ಮೊದಲು ನಾನು ಶುರುವಿನ ದಿನಗಳಲ್ಲಿ ಕಳಿಸುತ್ತಿದ್ದ ತರಹದ್ದು:

‘ಮಾನ್ಯರೇ, ನಾನು ಐದು ವರ್ಷಗಳ ಅನುಭವವುಳ್ಳ ವೃತ್ತಿಪರ ಬರಹಗಾರ. ಗುಣಮಟ್ಟ, ಸಮಯಪಾಲನೆ ಹಾಗೂ ಗ್ರಾಹಕರ ತೃಪ್ತಿಯೇ ನನ್ನ ಧ್ಯೇಯ. ತಮ್ಮ ಪ್ರತಿಷ್ಠಿತ ಸಂಸ್ಥೆಯ ಬೆಳವಣಿಗೆಯಲ್ಲಿ ಕೈಜೋಡಿಸಲು ಉತ್ಸುಕನಾಗಿದ್ದೇನೆ. ನನ್ನ ವಿವರಗಳನ್ನು ಲಗತ್ತಿಸಿದ್ದೇನೆ. ತಮ್ಮ ಅಮೂಲ್ಯ ಸಮಯದಲ್ಲಿ 30 ನಿಮಿಷ ನೀಡಿದರೆ ಕರೆ ಮಾಡಿ ವಿವರಿಸುವೆ.’

ಇದರಲ್ಲಿ ವ್ಯಾಕರಣದ ತಪ್ಪಿಲ್ಲ, ಮರ್ಯಾದೆಗೆ ಕೊರತೆಯಿಲ್ಲ. ಸಂಸ್ಥೆ ‘ಪ್ರತಿಷ್ಠಿತ’ ಎಂದು ಬರೆದಿದ್ದೇನೆ, ಅದು ಏನು ಮಾರುತ್ತದೆ ಎಂದು ಮಾತ್ರ ನನಗೆ ಗೊತ್ತಿಲ್ಲ. ಈಗ ಬರೆಯುವ ತರಹದ್ದು:

‘ನಮಸ್ಕಾರ. ನಿಮ್ಮ ಸಹಾಯ ಪುಟದಲ್ಲಿ, ಇನ್‌ವಾಯ್ಸ್ ರದ್ದು ಮಾಡುವ ಕ್ರಮದ 4ನೇ ಹಂತ ಸೆಟ್ಟಿಂಗ್ಸ್‌ಗೆ ಹೋಗಲು ಹೇಳುತ್ತದೆ. ಕಳೆದ ತಿಂಗಳ ಅಪ್‌ಡೇಟ್ ಆದಮೇಲೆ ಆ ಬಟನ್ ಅಲ್ಲಿಲ್ಲ, ಬಿಲ್ಲಿಂಗ್ ಒಳಗೆ ಹೋಗಿದೆ. ಆಪ್‌ನ ವಿಮರ್ಶೆಗಳಲ್ಲಿ ಮೂವರು ಇದನ್ನೇ ಕೇಳಿದ್ದಾರೆ.

ನಾನು ಸಾಫ್ಟ್‌ವೇರ್ ಕಂಪನಿಗಳಿಗೆ ಸಹಾಯ ಪುಟ ಬರೆದುಕೊಡುತ್ತೇನೆ. ಆ ಪುಟವನ್ನು ಹೊಸ ಆವೃತ್ತಿಗೆ ತಕ್ಕಂತೆ ತಿದ್ದಿ ಕೆಳಗಿನ ಲಿಂಕ್‌ನಲ್ಲಿ ಇಟ್ಟಿದ್ದೇನೆ, ಬೇಕಾದರೆ ಹಾಗೇ ಬಳಸಿಕೊಳ್ಳಿ. ಇದೇ ಅಪ್‌ಡೇಟ್‌ನಿಂದ ಹಳತಾದ ಇನ್ನೂ ಹನ್ನೊಂದು ಪುಟ ಕಂಡವು. ಪಟ್ಟಿ ಕಳಿಸಲೇ?

ಬೇಡವೆಂದರೆ ಒಂದು ಸಾಲು ಹಾಕಿ, ಮತ್ತೆ ಬರೆಯುವುದಿಲ್ಲ.’

ಎರಡನೆಯದರಲ್ಲಿ ಅನುಭವದ ವರ್ಷಗಳಿಲ್ಲ, ಧ್ಯೇಯವಿಲ್ಲ. ನಾನು ಎಷ್ಟು ಜಾಣ ಎಂದು ಹೇಳುವ ಬದಲು ಕೆಲಸವನ್ನೇ ಒಂದಿಷ್ಟು ಮುಂದಿಟ್ಟಿದ್ದೇನೆ. ‘ಹಾಗೇ ಬಳಸಿಕೊಳ್ಳಿ’ ಎಂಬ ಮಾತಿಗೆ ಗೆಳೆಯರು ಹೌಹಾರುತ್ತಾರೆ: ಪುಕ್ಕಟೆ ತೆಗೆದುಕೊಂಡು ಸುಮ್ಮನಾದರೆ? ಕೆಲವರು ಸುಮ್ಮನಾಗಿದ್ದಾರೆ. ಒಂದು ಪುಟ ತಿದ್ದಲು ನನಗೆ ಹಿಡಿದದ್ದು ಅರ್ಧ ಗಂಟೆ, ಅದು ಹೋಗಲಿ. ಆದರೆ ಇಡೀ ಲೋಗೋ, ಇಡೀ ವೆಬ್‌ಸೈಟ್ ಮಾಡಿಕೊಟ್ಟು ಕಾಯಬೇಡಿ. ತುಣುಕು ಬೇರೆ, ಬಿಟ್ಟಿ ದುಡಿಮೆ ಬೇರೆ.

ಈ ಮಾದರಿಯನ್ನು ನಕಲು ಮಾಡಿ ಕಳಿಸಬೇಡಿ. ನಕಲಿಗೆ ಒಗ್ಗಿದರೆ ಅದೂ ಕರಪತ್ರವೇ ಆಯಿತಲ್ಲ.

ಎಷ್ಟು ಉದ್ದ?

ಫೋನಿನಲ್ಲಿ ಹೆಬ್ಬೆರಳನ್ನು ಒಂದು ಸಲ ಸರಿಸುವಷ್ಟರಲ್ಲಿ ಮುಗಿಯಬೇಕು.

ಮೊದಲ ಮೇಲ್‌ನಲ್ಲೇ ಮೀಟಿಂಗ್ ಕೇಳಬಹುದೇ?

ಕೇಳಬಹುದು, ಆದರೆ ಅಪರಿಚಿತರಿಗೆ ಅರ್ಧ ಗಂಟೆ ಎತ್ತಿಡುವುದು ದೊಡ್ಡ ಕೋರಿಕೆ. ಒಂದು ಪದದಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆ ಕೇಳಿ. ‘ಪಟ್ಟಿ ಕಳಿಸಲೇ?’ ಎಂಬುದಕ್ಕೆ ‘ಕಳಿಸಿ’ ಎಂದರೆ ಸಾಕು. ಲಿಫ್ಟ್ ಕಾಯುತ್ತಾ ನಿಂತವರೂ ಅಷ್ಟನ್ನು ಒತ್ತಬಲ್ಲರು. ಕರೆ, ಮೀಟಿಂಗ್, ಕೊಟೇಶನ್ ಎಲ್ಲ ಅದರ ಬೆನ್ನಿಗೆ ತಾವಾಗಿ ಬರುತ್ತವೆ.

ಒಂದು ಮೇಲ್‌ಗೆ ಒಂದೇ ಪ್ರಶ್ನೆ. ಮೂರು ಕೇಳಿದರೆ ಉತ್ತರಿಸುವುದನ್ನು ನಾಳೆಗೆ ಇಡುತ್ತಾರೆ, ಆ ನಾಳೆ ಬರುವುದಿಲ್ಲ.

ದರ ಹೇಳಿಬಿಡಲೇ?

ಕೆಲಸ ಅಳೆದು ಕೊಡುವಂಥದ್ದಾದರೆ, ಅಂದರೆ ಪುಟಕ್ಕೆ ಇಷ್ಟು, ಪದಕ್ಕೆ ಇಷ್ಟು ಎಂದಿದ್ದರೆ, ಹೇಳುವುದರಲ್ಲಿ ತಪ್ಪಿಲ್ಲ. ಇಬ್ಬರಿಗೂ ಸಮಯ ಉಳಿಯುತ್ತದೆ. ಕೆಲಸದ ಅಳತೆಯೇ ಗೊತ್ತಿಲ್ಲದಿರುವಾಗ ದರ ಹೇಳುವುದು ಅಳೆಯದೆ ಬಟ್ಟೆ ಕತ್ತರಿಸಿದ ಹಾಗೆ. ಮೊದಲ ಮೇಲ್‌ನಲ್ಲಿ ರಿಯಾಯಿತಿ ಮಾತ್ರ ಎತ್ತಲೇಬೇಡಿ. ಬೆಲೆಯೇ ಗೊತ್ತಿಲ್ಲದವರಿಗೆ ಕಡಿತ ತೋರಿಸಿದರೆ ಅವರಿಗೆ ಅರ್ಥವಾಗುವುದು ಒಂದೇ: ಇವರಿಗೆ ಕೆಲಸವಿಲ್ಲ.

ನನಗೆ ಹಳೆಯ ಕ್ಲೈಂಟ್‌ಗಳೇ ಇಲ್ಲ. ಏನು ತೋರಿಸಲಿ?

ಮೇಲಿನ ಮಾದರಿಯನ್ನು ಮತ್ತೆ ನೋಡಿ. ಅದರಲ್ಲಿ ಹಳೆಯ ಕ್ಲೈಂಟ್‌ಗಳ ಹೆಸರು ಎಲ್ಲಿದೆ? ಅವರದೇ ಪುಟವನ್ನು ತಿದ್ದಿ ತೋರಿಸಿದ ಮೇಲೆ ಬೇರೆಯವರಿಗೆ ಏನು ಮಾಡಿದ್ದೆ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಕೇಳಿದರೆ ನಿಜ ಹೇಳಿ: ‘ಸ್ವಂತವಾಗಿ ಶುರು ಮಾಡಿ ಮೂರು ತಿಂಗಳಾಯಿತು, ನೀವು ಮೊದಲಿಗರು.’ ಇರದ ಗ್ರಾಹಕರನ್ನು ಹುಟ್ಟಿಸಿ ಪ್ರಶಂಸೆ ಬರೆದುಕೊಂಡವರೊಬ್ಬರು ನನಗೆ ಗೊತ್ತು. ಎದುರಿನವರು ‘ಅವರ ಜೊತೆ ಒಂದು ಮಾತಾಡಬಹುದೇ’ ಎಂದಾಗ ಇಡೀ ವ್ಯವಹಾರ ಅಲ್ಲಿಗೇ ನಿಂತಿತು.

ಅಟ್ಯಾಚ್‌ಮೆಂಟ್ ಇಡಬಹುದೇ?

ಮೊದಲ ಮೇಲ್‌ನಲ್ಲಿ ಬೇಡ. ಅಪರಿಚಿತರ ಫೈಲ್ ತೆರೆಯಬೇಡಿ ಎಂದು ಕಂಪನಿಗಳು ತಮ್ಮ ಜನರಿಗೆ ತರಬೇತಿಯನ್ನೇ ಕೊಡುತ್ತವೆ. ಫಿಲ್ಟರ್‌ಗಳೂ ಅನುಮಾನದಿಂದ ನೋಡುತ್ತವೆ. ಒಂದು ಲಿಂಕ್ ಸಾಕು, ಅದೂ ಉದ್ದಕ್ಕೆ ಕಾಣುವ ನಿಜವಾದ ವಿಳಾಸ, ಚುಟುಕಾಗಿಸಿ ಮುಚ್ಚಿಟ್ಟದ್ದಲ್ಲ.

ಕನ್ನಡದಲ್ಲಿ ಬರೆಯಲೇ, ಇಂಗ್ಲಿಷಿನಲ್ಲೇ?

ಅವರು ತಮ್ಮ ಗ್ರಾಹಕರಿಗೆ ಯಾವ ಭಾಷೆಯಲ್ಲಿ ಬರೆಯುತ್ತಾರೋ ಅದರಲ್ಲಿ. ಕನ್ನಡವಾದರೆ ಅರ್ಜಿಯ ಕನ್ನಡ ಬೇಡ. ‘ತಮ್ಮ ಅವಗಾಹನೆಗೆ ತರಬಯಸುತ್ತೇನೆ’ ಎಂದು ಯಾರೂ ಮಾತಾಡುವುದಿಲ್ಲ. ‘ನೀವು’ ಎಂಬುದರಲ್ಲೇ ಬೇಕಾದಷ್ಟು ಗೌರವವಿದೆ. ಹೆಸರು ನೋಡಿ ಗಂಡೋ ಹೆಣ್ಣೋ ತಿಳಿಯದಿದ್ದರೆ ‘ಸರ್’ ಎಂದು ಜೂಜಾಡಬೇಡಿ. ಹೆಸರಿನ ಮುಂದೆ ‘ಅವರೇ’ ಹಾಕಿದರೆ ಮುಗಿಯಿತು. ಇಂಗ್ಲಿಷಿಗೆ ಇಲ್ಲದ ಈ ಸೌಕರ್ಯ ನಮಗಿದೆ.

ಉತ್ತರ ಬರಲಿಲ್ಲ. ಮತ್ತೆ ಹಾಕಿದರೆ ಬೆನ್ನು ಬಿದ್ದ ಹಾಗೆ ಆಗುವುದಿಲ್ಲವೇ?

ಒಂದು ಸಲ ನೆನಪಿಸುವುದು ಬೆನ್ನು ಬೀಳುವುದಲ್ಲ. ಉತ್ತರ ಬಾರದಿರಲು ಮುಖ್ಯ ಕಾರಣ ತಿರಸ್ಕಾರ ಎಂದು ನಾವು ಅಂದುಕೊಳ್ಳುತ್ತೇವೆ. ನಾನು ಕೆಲಸ ಮಾಡಿಕೊಟ್ಟ ಮೇಲೆ ಹಲವರನ್ನು ಕೇಳಿದ್ದೇನೆ, ಮೊದಲ ಮೇಲ್‌ಗೆ ಯಾಕೆ ಉತ್ತರಿಸಲಿಲ್ಲ ಎಂದು. ಒಬ್ಬರು ರಜೆಯಲ್ಲಿದ್ದರು, ಒಬ್ಬರು ಓದಿ ‘ಆಮೇಲೆ’ ಎಂದು ಮರೆತಿದ್ದರು, ಒಬ್ಬರಿಗೆ ಎರಡನೆಯದು ಬಂದಾಗ ಮೊದಲನೆಯದು ಬಂದಿದ್ದೇ ನೆನಪಿರಲಿಲ್ಲ.

ನನ್ನ ಲೆಕ್ಕ ಹೀಗೆ: ಮೊದಲ ಮೇಲ್ ಹಾಕಿ ಐದಾರು ಕೆಲಸದ ದಿನ ಕಳೆದ ಮೇಲೆ ಒಂದು, ಅದಾಗಿ ಎರಡು ವಾರಕ್ಕೆ ಇನ್ನೊಂದು, ಅಲ್ಲಿಗೆ ನಿಲ್ಲಿಸುವುದು. ಹಳೆಯ ಮೇಲ್‌ಗೇ ಉತ್ತರದ ರೂಪದಲ್ಲಿ ಬರೆಯುವುದರಿಂದ ಅದು ಕೆಳಗೇ ಕಾಣುತ್ತದೆ, ಕತೆ ಮತ್ತೆ ಹೇಳಬೇಕಿಲ್ಲ. ‘ನನ್ನ ಮೇಲ್ ನೋಡಿದಿರಾ?’ ಎಂದು ಕೇಳುವುದರಲ್ಲಿ ಸ್ವಾರಸ್ಯವಿಲ್ಲ, ಅದು ಸಾಲ ಕೇಳಲು ಬಂದವರ ದನಿ. ಏನಾದರೂ ಹೊಸದು ಸೇರಿಸಿ: ‘ಮೊನ್ನೆಯ ಅಪ್‌ಡೇಟ್‌ನಲ್ಲಿ ಇನ್ನೆರಡು ಪುಟ ಹಳತಾದವು, ಪಟ್ಟಿಗೆ ಸೇರಿಸಿದ್ದೇನೆ.’ ಹೊಸದೇನೂ ಇಲ್ಲದಿದ್ದರೆ ಎರಡನೆಯ ನೆನಪೋಲೆ ಬೇಡ.

ಕೊನೆಯ ಮೇಲ್‌ನಲ್ಲಿ ಮುನಿಸು ತೋರಿಸಬೇಡಿ. ‘ನಿಮಗೆ ಆಸಕ್ತಿಯಿಲ್ಲ ಎಂದು ತಿಳಿಯುತ್ತೇನೆ’ ಎಂಬ ಸಾಲು ವಿನಯದ ವೇಷ ಹಾಕಿದ ಚುಚ್ಚುಮಾತು.

ಅವರು ತೆರೆದು ನೋಡಿದರೋ ಇಲ್ಲವೋ ತಿಳಿಯುವ ಉಪಾಯ ಇದೆಯಂತಲ್ಲ?

ಇತ್ತು ಎನ್ನಬೇಕು. ಮೇಲ್‌ನಲ್ಲಿ ಕಣ್ಣಿಗೆ ಕಾಣದ ಚುಕ್ಕೆಯಷ್ಟು ಚಿತ್ರ ಅಡಗಿಸಿ, ಅದು ಡೌನ್‌ಲೋಡ್ ಆದರೆ ತೆರೆದರು ಎಂದು ಲೆಕ್ಕ ಹಾಕುವ ಉಪಾಯ ಅದು. 2021ರ ಸೆಪ್ಟೆಂಬರ್‌ನಲ್ಲಿ ಆಪಲ್ ತನ್ನ ಮೇಲ್ ಆಪ್‌ನಲ್ಲಿ ತಂದ ಖಾಸಗಿತನದ ರಕ್ಷಣೆ, ಬಳಕೆದಾರರು ತೆರೆದರೂ ತೆರೆಯದಿದ್ದರೂ ಇಂಥ ಚಿತ್ರಗಳನ್ನು ತಾನೇ ಮೊದಲೇ ಇಳಿಸಿಕೊಳ್ಳುತ್ತದೆ. ಕಂಪನಿಗಳ ಭದ್ರತಾ ಫಿಲ್ಟರ್‌ಗಳು ಲಿಂಕ್‌ಗಳನ್ನೂ ತಾವೇ ಒತ್ತಿ ನೋಡುತ್ತವೆ. ಹಾಗಾಗಿ ‘ಏಳು ಸಲ ತೆರೆದಿದ್ದಾರೆ’ ಎಂದು ಯಂತ್ರ ಹೇಳಿದರೆ ಆ ಏಳೂ ಯಂತ್ರಗಳೇ ಇರಬಹುದು. ನಾನು ಈ ಚುಕ್ಕೆ ಹಾಕುವುದನ್ನೇ ಬಿಟ್ಟೆ. ಉತ್ತರ ಬಂತೇ, ಇಲ್ಲವೇ? ಬೇರೆ ಅಳತೆ ನನಗೆ ಬೇಕಿಲ್ಲ.

ನನ್ನ ಮೇಲ್ ನೇರ ಸ್ಪ್ಯಾಮ್ ಫೋಲ್ಡರ್‌ಗೆ ಹೋಗುತ್ತಿದೆ. ಏನು ಮಾಡಲಿ?

ಬರಹ ತಿದ್ದುವ ಮೊದಲು ಡೊಮೇನ್, ಅಂದರೆ ನಿಮ್ಮ ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು, ನೋಡಿ. ಸ್ವಂತ ಡೊಮೇನ್‌ನಿಂದ ಕಳಿಸುವವರು ಮೂರು ದಾಖಲೆ ಇಟ್ಟಿರಬೇಕು. ಈ ಡೊಮೇನ್ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂದು ಹೇಳುವುದು ಎಸ್‌ಪಿಎಫ್. ಮೇಲ್‌ಗೆ ಹಾಕುವ ಡಿಜಿಟಲ್ ಸಹಿ ಡಿಕೆಐಎಂ; ದಾರಿಯಲ್ಲಿ ಯಾರೂ ಕೈ ಹಾಕಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಈ ಎರಡೂ ಹೊಂದದಿದ್ದರೆ ಏನು ಮಾಡಬೇಕು ಎಂದು ಎದುರಿನ ಸರ್ವರ್‌ಗೆ ಹೇಳಿಡುವುದು ಡಿಮಾರ್ಕ್. ಮೂರನ್ನೂ ಡೊಮೇನ್‌ನ ಡಿಎನ್‌ಎಸ್ (ಆ ಹೆಸರಿನ ವಿವರಗಳನ್ನು ಬೇರೆ ಸರ್ವರ್‌ಗಳಿಗೆ ತಿಳಿಸುವ ದಾಖಲೆ) ಸೆಟ್ಟಿಂಗ್ಸ್‌ನಲ್ಲಿ ಹಾಕುವುದು ಒಂದು ಗಂಟೆಯ ಕೆಲಸ, ಮೇಲ್ ಸೇವೆ ಕೊಡುವವರ ಸಹಾಯ ಪುಟದಲ್ಲಿ ಕ್ರಮ ಇರುತ್ತದೆ. ಆ ಪುಟ ಹಳತಾಗಿದ್ದರೆ ನನಗೊಂದು ಕ್ಲೈಂಟ್ ಸಿಕ್ಕ ಹಾಗೆ.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸುವವರಿಗೆ ಈ ಮೂರೂ ಕಡ್ಡಾಯ, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಬಟನ್ ಕೂಡ. ‘ಇದು ಸ್ಪ್ಯಾಮ್’ ಎಂದು ಜನ ಒತ್ತುವ ಪ್ರಮಾಣ ಶೇ 0.3 ಮುಟ್ಟಬಾರದು, ಶೇ 0.1ರ ಕೆಳಗಿದ್ದರೆ ಒಳ್ಳೆಯದು ಎನ್ನುತ್ತದೆ ಗೂಗಲ್. ಶೇ 0.3 ಅಂದರೆ ಸಾವಿರಕ್ಕೆ ಮೂರು. ಇಪ್ಪತ್ತು ಮೇಲ್ ಕಳಿಸುವ ನಮಗೆ ಆ 5,000ದ ನಿಯಮ ತಾಗದಿರಬಹುದು, ಆದರೆ ಡೊಮೇನ್‌ಗೆ ಒಮ್ಮೆ ಕೆಟ್ಟ ಹೆಸರು ಬಂದರೆ ಹಳೆಯ ಕ್ಲೈಂಟ್‌ಗೆ ಕಳಿಸಿದ ಬಿಲ್ಲೂ ಸ್ಪ್ಯಾಮ್‌ಗೆ ಹೋಗುತ್ತದೆ. ಇದು ನನಗೆ ಆಗಿದೆ. ಬಿಲ್ ತಲುಪಿಲ್ಲ ಎಂದು ಅವರು, ಕಳಿಸಿದ್ದೇನೆ ಎಂದು ನಾನು, ಒಂದು ತಿಂಗಳು ಹೀಗೇ ಕಳೆಯಿತು.

ಮೇಲ್ ವಾಪಸ್ ಬಂದರೆ ಅದರಲ್ಲಿರುವ ಸಂಖ್ಯೆ ನೋಡಿ. 5ರಿಂದ ಶುರುವಾದರೆ, ಉದಾಹರಣೆಗೆ 550, ಅದು ಖಾಯಂ ನಿರಾಕರಣೆ. ವಿಳಾಸವೇ ಇಲ್ಲದಿರಬಹುದು, ಮತ್ತೆ ಕಳಿಸಬೇಡಿ. 4ರಿಂದ ಶುರುವಾದರೆ ತಾತ್ಕಾಲಿಕ ತೊಡಕು.

ಕಾನೂನಿನ ತೊಂದರೆ ಏನಾದರೂ ಇದೆಯೇ?

ಇದೆ, ಮತ್ತು ಅದು ಓದುವವರು ಇರುವ ದೇಶದ ಮೇಲೆ ಹೋಗುತ್ತದೆ. ಅಮೆರಿಕದಲ್ಲಿ 2004ರ ಜನವರಿ 1ರಿಂದ ಜಾರಿಯಲ್ಲಿರುವ ಕ್ಯಾನ್‌-ಸ್ಪ್ಯಾಮ್ ಕಾಯ್ದೆ ಮೊದಲೇ ಒಪ್ಪಿಗೆ ಕೇಳಬೇಕೆನ್ನುವುದಿಲ್ಲ. ಆದರೆ ಕಳಿಸಿದವರ ಹೆಸರು, ಸಬ್ಜೆಕ್ಟ್ ಸಾಲು ದಾರಿ ತಪ್ಪಿಸಬಾರದು, ಅಂಚೆ ವಿಳಾಸ ಇರಬೇಕು, ಬೇಡ ಎಂದವರನ್ನು 10 ಕೆಲಸದ ದಿನಗಳೊಳಗೆ ಪಟ್ಟಿಯಿಂದ ತೆಗೆಯಬೇಕು. ಕಂಪನಿಗೆ ಬರೆಯುತ್ತಿದ್ದೇನೆ, ವ್ಯಕ್ತಿಗಲ್ಲ ಎಂಬ ವಿನಾಯಿತಿ ಅದರಲ್ಲಿಲ್ಲ.

ಕೆನಡಾದ ಕಾನೂನು 2014ರ ಜುಲೈ 1ರಿಂದ ಜಾರಿಗೆ ಬಂತು, ಅದು ಒಪ್ಪಿಗೆ ಕೇಳುತ್ತದೆ. ಆದರೆ ಒಬ್ಬರು ತಮ್ಮ ಕೆಲಸದ ವಿಳಾಸವನ್ನು ಎದ್ದು ಕಾಣುವಂತೆ ಪ್ರಕಟಿಸಿ, ಜಾಹೀರಾತು ಕಳಿಸಬೇಡಿ ಎಂದು ಹೇಳಿರದಿದ್ದರೆ, ಮೇಲ್ ಅವರ ಕೆಲಸಕ್ಕೇ ಸಂಬಂಧಿಸಿದ್ದರೆ, ಒಪ್ಪಿಗೆ ಇದೆಯೆಂದೇ ಭಾವಿಸುತ್ತದೆ. ‘ಸರಿಯಾದವರಿಗೆ ಮಾತ್ರ ಬರೆಯಿರಿ’ ಎಂದು ನಾನು ಇಷ್ಟು ಹೊತ್ತು ಹೇಳಿದ್ದನ್ನೇ ಅದು ಕಾನೂನಿನ ಭಾಷೆಯಲ್ಲಿ ಹೇಳಿದಂತಿದೆ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣೆಯ ಕಾನೂನಿನ ಪ್ರಕಾರ ಹೆಸರಿರುವ ಕಚೇರಿ ವಿಳಾಸವೂ ವೈಯಕ್ತಿಕ ಮಾಹಿತಿ. ವಿಳಾಸ ಎಲ್ಲಿಂದ ಸಿಕ್ಕಿತೆಂದು ಹೇಳಬೇಕಾಗುತ್ತದೆ, ಬೇಡವೆಂದರೆ ಅಲ್ಲಿಗೆ ನಿಲ್ಲಿಸಬೇಕು. ಜರ್ಮನಿ ಇನ್ನೂ ಕಟ್ಟುನಿಟ್ಟು: ಕಂಪನಿಗಳಿಗೆ ಕಳಿಸುವ ಜಾಹೀರಾತು ಮೇಲ್‌ಗೂ ಮೊದಲೇ ಸ್ಪಷ್ಟ ಒಪ್ಪಿಗೆ ಬೇಕು. ನನ್ನ ಪಟ್ಟಿಯಲ್ಲಿ ಜರ್ಮನಿಯ ಕಂಪನಿಗಳಿಲ್ಲ. ದೊಡ್ಡ ಪ್ರಮಾಣದಲ್ಲಿ ಕಳಿಸುವ ಯೋಚನೆ ಇದ್ದರೆ ವಕೀಲರನ್ನು ಕೇಳಿ, ನನ್ನನ್ನಲ್ಲ.

ಎಐ ಕೈಲಿ ಬರೆಸಿದರೆ?

ಬರೆಸಿ. ಆದರೆ ಬರೆಯುವುದು ಈ ಕೆಲಸದ ಸುಲಭದ ಭಾಗ. ಕಷ್ಟದ್ದು ನೋಡುವುದು. ಅವರ ಫಾರಂ ತುಂಬಿ ನೋಡಿ, ಎಲ್ಲಿ ಕೈಕೊಡುತ್ತದೆ ಎಂದು ನೀವು ಕಂಡುಕೊಂಡಿದ್ದರೆ, ಆ ವಾಕ್ಯವನ್ನು ಯಾರು ತಿದ್ದಿದರೂ ನಡೆಯುತ್ತದೆ. ಏನನ್ನೂ ನೋಡದೆ ‘ಇವರಿಗೊಂದು ಮೇಲ್ ಬರೆ’ ಎಂದರೆ ನಯವಾದ ಕರಪತ್ರ ಬರುತ್ತದೆ. ಅಂಥವು ನನಗೂ ವಾರಕ್ಕೆ ಹಲವು ಬರುತ್ತವೆ. ಎಲ್ಲವೂ ನನ್ನ ಬರಹದ ‘ಆಳ’ವನ್ನು ಮೆಚ್ಚಿಕೊಂಡಿರುತ್ತವೆ. ನಾನು ಬರೆಯುವುದು ಪಾಸ್‌ವರ್ಡ್ ಬದಲಿಸುವುದು ಹೇಗೆ ಎಂದು.

‘ಸದ್ಯಕ್ಕೆ ಬೇಡ’ ಎಂದು ಉತ್ತರ ಬಂದರೆ?

ಅದು ಒಳ್ಳೆಯ ಉತ್ತರ. ‘ತಿಳಿಸಿದ್ದಕ್ಕೆ ಧನ್ಯವಾದ. ಯಾವಾಗ ಮತ್ತೆ ಕೇಳಿದರೆ ಸರಿಹೋದೀತು?’ ಎಂದು ಬರೆಯಿರಿ. ತಿಂಗಳು ಹೇಳಿದರೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಆ ತಿಂಗಳೇ ಬರೆಯಿರಿ. ‘ಬೇಡ’ ಎಂದಷ್ಟೇ ಬಂದರೆ ಧನ್ಯವಾದ ಹೇಳಿ ಸುಮ್ಮನಾಗಿ. ಯಾಕೆ ಬೇಡ ಎಂದು ಜಗ್ಗಬೇಡಿ.

ಎಷ್ಟು ಕಳಿಸಿದರೆ ಒಬ್ಬ ಕ್ಲೈಂಟ್ ಸಿಗುತ್ತಾರೆ?

ಕೆಲಸ, ದರ, ಪಟ್ಟಿ ಒಬ್ಬೊಬ್ಬರದು ಒಂದೊಂದು ತರಹ, ಬೇರೆಯವರ ಅಂಕಿ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮದೇ ಲೆಕ್ಕ ಇಡಿ: ಯಾರಿಗೆ, ಯಾವ ದಿನ, ಮೊದಲ ವಾಕ್ಯ ಏನಿತ್ತು, ಏನಾಯಿತು. ಇಪ್ಪತ್ತಾದ ಮೇಲೆ ನೋಡಿದರೆ ಎಲ್ಲಿ ಎಡವುತ್ತಿದ್ದೀರಿ ಎಂದು ಕಾಣುತ್ತದೆ. ಹಲವು ವಾಪಸ್ ಬಂದಿದ್ದರೆ ವಿಳಾಸ ಹುಡುಕುವ ಕ್ರಮವೇ ಸರಿಯಿಲ್ಲ. ತಲುಪಿಯೂ ಎಲ್ಲರೂ ಮೌನವಾಗಿದ್ದರೆ ಆರಿಸಿದ ಜನ ಅಥವಾ ಮೊದಲ ವಾಕ್ಯ ತಪ್ಪಿದೆ. ಉತ್ತರ ಬಂದು, ಮಾತಾಗಿ, ಕೆಲಸ ಮಾತ್ರ ಸಿಗದಿದ್ದರೆ ಮೇಲ್ ಚೆನ್ನಾಗಿಯೇ ಇದೆ. ತಿದ್ದಬೇಕಾದದ್ದು ದರವನ್ನೋ, ಮಾತನ್ನೋ.

ತಪ್ಪು ಹೆಸರು ಹಾಕಿ ಕಳಿಸಿಬಿಟ್ಟೆ!

ಈಗಷ್ಟೇ ಒತ್ತಿದ್ದರೆ ‘ಅನ್‌ಡೂ’ ಹುಡುಕಿ. ಜಿಮೇಲ್‌ನಲ್ಲಿ ಅದರ ಅವಧಿಯನ್ನು 30 ಸೆಕೆಂಡ್‌ವರೆಗೆ ಹೆಚ್ಚಿಸಿಕೊಳ್ಳಬಹುದು, ಇಂದೇ ಹೆಚ್ಚಿಸಿಡಿ. ವಿಳಾಸವನ್ನು ಎಲ್ಲಕ್ಕಿಂತ ಕೊನೆಗೆ ತುಂಬುವ ಅಭ್ಯಾಸವೂ ಒಳ್ಳೆಯದು. ಅರ್ಧ ಬರೆದದ್ದು ಕೈತಪ್ಪಿ ಹೋಗುವುದಿಲ್ಲ.

ಹೋಗಿಯೇ ಬಿಟ್ಟಿದ್ದರೆ ಎರಡು ಸಾಲಿನ ಕ್ಷಮೆ ಕೇಳಿ, ಕಾರಣ ಹೇಳಲು ಹೋಗಬೇಡಿ. ನಾನೊಮ್ಮೆ ಒಂದು ಕಂಪನಿಗೆ ಅವರ ಪ್ರತಿಸ್ಪರ್ಧಿಯ ಹೆಸರು ಹಾಕಿ ಕಳಿಸಿದ್ದೆ. ‘ಹೆಸರು ತಪ್ಪು ಹಾಕಿದೆ, ಕ್ಷಮಿಸಿ. ಮೂರನೇ ಪುಟದ ಬಗ್ಗೆ ಹೇಳಿದ್ದು ಮಾತ್ರ ನಿಮ್ಮದೇ’ ಎಂದು ತಿದ್ದಿ ಬರೆದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ಹೌದು, ನಮ್ಮದೇ. ಅವರದ್ದರಲ್ಲಿ ಏನೇನು ತಪ್ಪಿದೆ?’ ಅದನ್ನು ನಾನು ಹೇಳಲಿಲ್ಲ. ಮೂರನೇ ಪುಟದ ಕೆಲಸ ಸಿಕ್ಕಿತು.